ರಾಜೀನಾಮೆ ಪತ್ರ ಮತ್ತು ಹನ್ನೆರಡು ದಿನದ ರಜೆ: ದಾವಣಗೆರೆಯ ಒಂದು ಖಾರ ಮಂಡಕ್ಕಿ ಪ್ರಕರಣ

ಸಣ್ಣ ವ್ಯಾಪಾರಿಗಳ ತೆರಿಗೆ ಲೆಕ್ಕ ನೋಡುವುದು, ಬ್ಯಾಂಕ್ ಸಾಲಕ್ಕೆ ಯೋಜನಾ ವರದಿ ಬರೆದುಕೊಡುವುದು ನನ್ನ ಕೆಲಸ. ಸಂಬಳದ ನೌಕರಿಯಲ್ಲಿದ್ದುಕೊಂಡೇ ಸ್ವಂತದ್ದೇನಾದರೂ ಶುರು ಮಾಡಬೇಕು ಎಂದು ಬರುವವರು ಈಚೆಗೆ ಹೆಚ್ಚಾಗಿದ್ದಾರೆ. ಅಂಥ ಒಬ್ಬರ ಕತೆಯನ್ನು ಅವರ ಒಪ್ಪಿಗೆ ಪಡೆದು ಇಲ್ಲಿ ಬರೆಯುತ್ತಿದ್ದೇನೆ. ಹೆಸರು, ಬಡಾವಣೆ, ಸಂಸ್ಥೆ ಯಾವುದನ್ನೂ ಹೇಳುವುದಿಲ್ಲ. ಗುರುತು ಸಿಗಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ವೃತ್ತಿಯಿಂದ ಅವರು ಲೆಕ್ಕಪತ್ರ ಬರೆಯುವವರು, ಆದ್ದರಿಂದ ಲೆಕ್ಕಿಗರು ಎಂದೇ ಕರೆಯುತ್ತೇನೆ. ಊರವರ ಲೆಕ್ಕವನ್ನೆಲ್ಲ ಪೈಸೆಗೆ ಪೈಸೆ ಹೊಂದಿಸುವವರು ತಮ್ಮ ಲೆಕ್ಕದಲ್ಲಿ ಎಲ್ಲಿ ಎಡವಿದರು ಎಂಬುದೇ ಈ ಪ್ರಕರಣದ ಸ್ವಾರಸ್ಯ.

ಹಿನ್ನೆಲೆ

ಲೆಕ್ಕಿಗರಿಗೆ ಆಗ ಮೂವತ್ತೆಂಟು ವರ್ಷ. ದ್ವಿಚಕ್ರ ವಾಹನ ಮಾರುವ ಸಂಸ್ಥೆಯೊಂದರಲ್ಲಿ ಕೆಲಸಕ್ಕೆ ಸೇರಿ ನಾಲ್ಕು ವರ್ಷ ದಾಟಿತ್ತು. ಮೂಲ ವೇತನ 16,500 ರೂಪಾಯಿ, ಎಲ್ಲ ಸೇರಿ ಕೈಗೆ ಬರುತ್ತಿದ್ದುದು 27,500. ಮನೆಯಲ್ಲಿ ತಾಯಿ, ಅಕ್ಕಪಕ್ಕದವರಿಗೆ ರವಿಕೆ ಹೊಲಿದುಕೊಡುವ ಪತ್ನಿ, ಏಳನೇ ತರಗತಿಯ ಮಗಳು. ಬಾಡಿಗೆ, ಶಾಲೆ, ತಾಯಿಯ ಮಂಡಿನೋವಿನ ಔಷಧಿ, ತಿಂಗಳ ಚೀಟಿ ಎಲ್ಲ ಕಳೆದರೆ ಎರಡು ಎರಡೂವರೆ ಸಾವಿರ ಉಳಿದರೆ ಹೆಚ್ಚು.

ದಾವಣಗೆರೆಯವರಿಗೆ ಮಂಡಕ್ಕಿಯ ವಿಷಯ ಹೇಳಬೇಕಿಲ್ಲ. ಹೊರಗಿನವರು ಬೆಣ್ಣೆ ದೋಸೆ ಹುಡುಕಿಕೊಂಡು ಬರುತ್ತಾರೆ, ಊರಿನವರ ಸಂಜೆ ಕಳೆಯುವುದು ಮಿರ್ಚಿ ಮಂಡಕ್ಕಿಯ ಮುಂದೆ. ಹತ್ತಿ ಗಿರಣಿಗಳ ಕಾಲದಲ್ಲಿ ಈ ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರಿತ್ತು. ಗಿರಣಿಗಳು ಮುಚ್ಚಿದವು, ಮಂಡಕ್ಕಿ ಭಟ್ಟಿಗಳು ಉಳಿದವು. ಬೆಳಗಿನ ಜಾವ ಭಟ್ಟಿಗೆ ಹೋದರೆ ಕಾದ ಮರಳಿನಲ್ಲಿ ಅಕ್ಕಿ ಸಿಡಿದು ಬಾಂಡಲೆಯ ತುಂಬ ಅರಳುವುದನ್ನು ನಿಂತು ನೋಡಬಹುದು. ಜೊತೆಗೆ ಇದು ಮೆಡಿಕಲ್, ಡೆಂಟಲ್, ಇಂಜಿನಿಯರಿಂಗ್ ಕಾಲೇಜುಗಳ ಊರು. ಹಾಸ್ಟೆಲ್ ಕೋಣೆಗಳಲ್ಲಿ ರಾತ್ರಿ ಹನ್ನೊಂದಕ್ಕೆ ಹಸಿಯುವ ಹುಡುಗರು ಸಾವಿರಗಟ್ಟಲೆ ಇದ್ದಾರೆ.

ಶುರುವಾದದ್ದೂ ಹಾಸ್ಟೆಲಿನಿಂದಲೇ. ಮಗಳ ಶಾಲೆಯ ಕಾರ್ಯಕ್ರಮಕ್ಕೆ ಪತ್ನಿ ಮಾಡಿಕೊಟ್ಟಿದ್ದ ಖಾರ ಮಂಡಕ್ಕಿ ತಿಂದ ತಾಯಿಯೊಬ್ಬರು, ಹಾಸ್ಟೆಲಿನಲ್ಲಿರುವ ದೊಡ್ಡ ಮಗನಿಗೆ ಎರಡು ಕಿಲೋ ಮಾಡಿಕೊಡಿ ಎಂದರು. ಮುಂದಿನ ವಾರ ಆ ಮಗನ ಸ್ನೇಹಿತರು ಐದು ಕಿಲೋ ಕೇಳಿದರು. ಜೂನ್ ತಿಂಗಳಲ್ಲಿ ಲೆಕ್ಕಿಗರು ನಾಲ್ಕು ಸಾವಿರ ಕೊಟ್ಟು ಕೈಯಲ್ಲಿ ಒತ್ತುವ ಸೀಲಿಂಗ್ ಯಂತ್ರ ಮತ್ತು ಒಂದು ತೂಕದ ಯಂತ್ರ ತಂದರು. ಎಂಬತ್ತು ಗ್ರಾಂ ಪೊಟ್ಟಣ, ಗರಿಷ್ಠ ಮಾರಾಟ ಬೆಲೆ 20 ರೂಪಾಯಿ, ಅಂಗಡಿಯವರಿಗೆ 15.

ನಾಲ್ಕು ಜಾಡಿಗಳು

ಮೊದಲ ನೂರು ಪೊಟ್ಟಣಗಳಲ್ಲಿ ಅರವತ್ತು ವಾಪಸ್ ಬಂದವು. ಆಷಾಢದ ಗಾಳಿ, ಜಿಟಿಜಿಟಿ ಮಳೆ. ಮಂಡಕ್ಕಿ ಮೆತ್ತಗಾಗಿ, ಹಲ್ಲಿಗೆ ಸಿಕ್ಕರೆ ರಬ್ಬರಿನಂತೆ ಎಳೆಯುತ್ತಿತ್ತು. ಲೆಕ್ಕಿಗರು ದೋಷವನ್ನೆಲ್ಲ ಪ್ಲಾಸ್ಟಿಕ್ಕಿನ ಮೇಲೆ ಹೊರಿಸಿ ಇನ್ನಷ್ಟು ದಪ್ಪದ ಕವರು ತಂದರು. ಅವೂ ಮೆತ್ತಗಾದವು.

ಪತ್ನಿಗೆ ಗಂಡನ ತೀರ್ಮಾನದಲ್ಲಿ ನಂಬಿಕೆ ಇರಲಿಲ್ಲ. ಅವರು ಉಪ್ಪಿನಕಾಯಿಯ ನಾಲ್ಕು ಗಾಜಿನ ಜಾಡಿಗಳನ್ನು ತೊಳೆದು ಒಣಗಿಸಿ ಕಿಟಕಿಯ ಬಳಿ ಸಾಲಾಗಿ ಇಟ್ಟರು. ಒಂದರಲ್ಲಿ ಬರೀ ಮಂಡಕ್ಕಿ. ಎರಡನೆಯದರಲ್ಲಿ ಮಂಡಕ್ಕಿ ಮತ್ತು ಎಂದಿನಂತೆ ಬಾಡಿಸಿದ ಕರಿಬೇವು. ಮೂರನೆಯದರಲ್ಲಿ ಮಂಡಕ್ಕಿ ಮತ್ತು ಜಜ್ಜಿ ಹುರಿದ ಬೆಳ್ಳುಳ್ಳಿ. ನಾಲ್ಕನೆಯದರಲ್ಲಿ ಎಲ್ಲವನ್ನೂ ಬೆರೆಸಿ ಬಿಸಿ ಆರುವ ಮೊದಲೇ ಮುಚ್ಚಳ. ಯಾವುದು ಯಾವುದೆಂದು ಗುರುತಿಗೆ ಹೊಲಿಗೆಯಲ್ಲಿ ಉಳಿದ ಬಟ್ಟೆಯ ಪಟ್ಟಿಗಳು, ಒಂದೊಂದಕ್ಕೆ ಒಂದು ಬಣ್ಣ. ಐದನೆಯ ದಿನ ತೆರೆದು ನೋಡಿದರೆ ಮೊದಲನೆಯದು ಇನ್ನೂ ಕರುಂ ಎನ್ನುತ್ತಿತ್ತು. ಎರಡನೆಯದು ಸೋತಿತ್ತು, ಮೂರನೆಯದು ಚರ್ಮದಂತಾಗಿತ್ತು. ನಾಲ್ಕನೆಯದರ ಮುಚ್ಚಳದ ಒಳಗೆ ನೀರಿನ ಹನಿಗಳೇ ಕಟ್ಟಿದ್ದವು.

ಅಂದರೆ ತೇವ ಹೊರಗಿನಿಂದ ಮಾತ್ರ ಬರುತ್ತಿರಲಿಲ್ಲ, ಒಗ್ಗರಣೆಯೇ ಅದನ್ನು ಒಳಗೆ ಒಯ್ಯುತ್ತಿತ್ತು. ಅಂದಿನಿಂದ ಬೆರಳಿನಲ್ಲಿ ಹಿಸುಕಿದರೆ ಪುಡಿಯಾಗುವವರೆಗೆ ಕರಿಬೇವು ಹುರಿಯುವುದು, ಬೆಳ್ಳುಳ್ಳಿಯನ್ನು ಕಂದು ಬಣ್ಣಕ್ಕೆ ತಿರುಗಿಸಿ ಕಾಗದದ ಮೇಲೆ ಎಣ್ಣೆ ಬಸಿಯುವುದು, ಬೆರೆಸಿದ್ದನ್ನು ಪಂಚೆಯ ಮೇಲೆ ಹರಡಿ ಫ್ಯಾನಿನಡಿ ಪೂರ್ತಿ ಆರಿಸಿದ ಮೇಲೆಯೇ ತುಂಬುವುದು ನಿಯಮವಾಯಿತು. ಅದರ ನಂತರವಷ್ಟೇ ಕವರಿನ ಮಾತು. ಸಾದಾ ಪ್ಲಾಸ್ಟಿಕ್ ಬಿಟ್ಟು, ಒಳಗೆ ಬೆಳ್ಳಿಬಣ್ಣದ ಪದರವಿರುವ ಕವರಿಗೆ ಬಂದರು. ಒಂದಕ್ಕೆ 1.10 ಇದ್ದ ವೆಚ್ಚ 1.90 ಆಯಿತು. ವಾಪಸಾತಿ ನೂರಕ್ಕೆ ಆರಕ್ಕೆ ಇಳಿಯಿತು.

ನನ್ನ ಹತ್ತಿರ ಯೋಜನಾ ವರದಿಗೆಂದು ಬರುವವರು ಯಂತ್ರದ ಕೊಟೇಶನ್ ತರುತ್ತಾರೆ, ಸಬ್ಸಿಡಿಯ ಸುತ್ತೋಲೆ ತರುತ್ತಾರೆ. ಇಂಥ ನಾಲ್ಕು ಜಾಡಿ ತಂದವರು ವಿರಳ. ಈ ಪರೀಕ್ಷೆಗೆ ತಗುಲಿದ ಖರ್ಚು ನಲವತ್ತು ರೂಪಾಯಿಯೂ ಇರಲಿಕ್ಕಿಲ್ಲ. ಅದೂ ಸಂಬಳ ಬರುತ್ತಿದ್ದ ದಿನಗಳಲ್ಲಿ, ಯಾರ ಕೈಕಾಲೂ ನಡುಗದೆ ನಡೆದ ಪರೀಕ್ಷೆ. ಅರವತ್ತು ಪೊಟ್ಟಣ ವಾಪಸ್ ಬಂದಾಗ ಆ ಮನೆಯಲ್ಲಿ ನಕ್ಕಿದ್ದರಂತೆ. ಸಂಬಳವಿಲ್ಲದ ಮನೆಯಲ್ಲಿ ಅದಕ್ಕೆ ಯಾರೂ ನಗುವುದಿಲ್ಲ.

ಪತ್ರ

ಅಕ್ಟೋಬರಿನಲ್ಲಿ ಲೆಕ್ಕಿಗರು ನನ್ನ ಕಚೇರಿಗೆ ಬಂದರು. ಆರು ಲಕ್ಷ ರೂಪಾಯಿ ಸಾಲಕ್ಕೆ ವರದಿ ಬೇಕಿತ್ತು. ಕಡತ ಬಿಚ್ಚುವಾಗ ಮಡಿಸಿದ ಹಾಳೆಯೊಂದು ಜಾರಿ ಮೇಜಿನ ಕೆಳಗೆ ಬಿತ್ತು. ಎತ್ತಿಕೊಟ್ಟೆ. ರಾಜೀನಾಮೆ ಪತ್ರ. ದಿನಾಂಕದ ಜಾಗ ಮಾತ್ರ ಖಾಲಿ. ದೀಪಾವಳಿ ಬೋನಸ್ ಕೈಗೆ ಬಂದ ಮರುದಿನದ ದಿನಾಂಕ ಹಾಕುವುದೆಂದು ನಿಶ್ಚಯವಾಗಿತ್ತು.

ಅವರ ಲೆಕ್ಕ ಹೀಗಿತ್ತು: ದಿನಕ್ಕೆ ಇನ್ನೂರು ಪೊಟ್ಟಣ, ತಿಂಗಳಿಗೆ ಇಪ್ಪತ್ತಾರು ದಿನ. ಒಂದು ಪೊಟ್ಟಣಕ್ಕೆ ಮಂಡಕ್ಕಿ, ಶೇಂಗಾ, ಪುಟಾಣಿ, ಎಣ್ಣೆ, ಮಸಾಲೆ ಸೇರಿ 6.50, ಕವರು 1.10, ಒಟ್ಟು 7.60. ಹದಿನೈದಕ್ಕೆ ಮಾರಿದರೆ 7.40 ಉಳಿಕೆ. ತಿಂಗಳಿಗೆ 38,480. ಸಂಬಳಕ್ಕಿಂತ ಹನ್ನೊಂದು ಸಾವಿರ ಹೆಚ್ಚು. ಇನ್ನೇಕೆ ತಡ?

ಕವರು ಬದಲಾಗಿ ಎರಡು ತಿಂಗಳಾಗಿದ್ದರೂ ಲೆಕ್ಕದಲ್ಲಿ ಹಳೆಯ ಬೆಲೆಯೇ ಕುಳಿತಿತ್ತು. ಗ್ಯಾಸ್ ಎಲ್ಲಿ ಎಂದು ಕೇಳಿದೆ. ಮನೆಯ ಸಿಲಿಂಡರು, ಅದು ಮನೆಖರ್ಚಿನಲ್ಲೇ ಹೋಗುತ್ತದೆ ಎಂದರು. 14.2 ಕಿಲೋದ ಗೃಹಬಳಕೆಯ ಸಿಲಿಂಡರನ್ನು ವ್ಯಾಪಾರಕ್ಕೆ ಬಳಸುವಂತಿಲ್ಲ, 19 ಕಿಲೋದ ವಾಣಿಜ್ಯ ಸಿಲಿಂಡರು ಬೇಕು ಎಂಬುದು ಅವರಿಗೆ ಗೊತ್ತಿಲ್ಲದ ಸಂಗತಿಯಲ್ಲ. ಆದರೆ ಗೊತ್ತಿರುವುದು ಬೇರೆ, ಲೆಕ್ಕಕ್ಕೆ ಬರುವುದು ಬೇರೆ. ಪೊಟ್ಟಣಕ್ಕೆ 60 ಪೈಸೆ ಸೇರಿತು. ಬೈಕಿನ ಪೆಟ್ರೋಲು 90 ಪೈಸೆ. ವಾಪಸ್ ಬರುವ ಮಾಲಿಗೆ 90 ಪೈಸೆ.

ಆಮೇಲೆ ದುಡಿಮೆಯ ಹೊತ್ತು. ಲೆಕ್ಕಿಗರು ನಾಲ್ಕೂವರೆಗೆ ಎದ್ದು ಭಟ್ಟಿಗೆ ಹೋಗುತ್ತಿದ್ದರು. ಪತ್ನಿ ಐದಕ್ಕೆ ಒಲೆ ಹಚ್ಚುತ್ತಿದ್ದರು. ಒಂಬತ್ತಕ್ಕೆ ಲೆಕ್ಕಿಗರು ಕಚೇರಿಗೆ ಹೋದರೆ ಸಂಜೆ ಏಳರಿಂದ ಅಂಗಡಿ ಅಂಗಡಿ ಸುತ್ತು. ಇಬ್ಬರದೂ ಸೇರಿ ದಿನಕ್ಕೆ ಐದು ಗಂಟೆ ಎಂದು ಕಡಿಮೆಯೇ ಹಿಡಿದು, ಗಂಟೆಗೆ ಅರವತ್ತು ರೂಪಾಯಿ ಕೂಲಿ ಹಾಕಿದರೆ ಪೊಟ್ಟಣಕ್ಕೆ ಒಂದೂವರೆ ರೂಪಾಯಿ. ಒಟ್ಟು ವೆಚ್ಚ 12.30. ಉಳಿಕೆ 2.70. ತಿಂಗಳಿಗೆ 14,040.

ಲೆಕ್ಕಿಗರು ನನ್ನ ಕ್ಯಾಲ್ಕುಲೇಟರನ್ನು ತಮ್ಮ ಕಡೆ ಎಳೆದುಕೊಂಡು ಮತ್ತೊಮ್ಮೆ ಗುಣಿಸಿದರು. ಉತ್ತರ ಬದಲಾಗಲಿಲ್ಲ.

ಉದ್ದರಿ ಪುಸ್ತಕ ತರಿಸಿ ನೋಡಿದೆವು. ಮೂವತ್ತೆಂಟು ಅಂಗಡಿಗಳಿಂದ ಬರಬೇಕಾದ ಬಾಕಿ 46,000 ರೂಪಾಯಿ. ಹದಿನೈದು ದಿನ ಮಾಡಿದ ಮಾಲಿನ ಹಣ ಪೂರ್ತಿ ಊರಿನ ಗಲ್ಲಾಪೆಟ್ಟಿಗೆಗಳಲ್ಲಿ ಕುಳಿತಿತ್ತು. ಇದುವರೆಗೆ ಅದನ್ನು ಹೊತ್ತದ್ದು ತಿಂಗಳ ಸಂಬಳ. ಸಂಬಳ ನಿಂತ ದಿನ ಭಟ್ಟಿಯವನಿಗೆ ಕೊಡಲು ನಗದು ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ಉತ್ತರವಿರಲಿಲ್ಲ.

ಇನ್ನೂ ಒಂದಿತ್ತು. ಸೇವೆಗೆ ಐದು ವರ್ಷ ತುಂಬಲು ಆರು ತಿಂಗಳು ಬಾಕಿ. ಆಗ ಜಾರಿಯಲ್ಲಿದ್ದ 1972ರ ಉಪದಾನ ಪಾವತಿ ಕಾಯ್ದೆಯಂತೆ, ಐದು ವರ್ಷ ದುಡಿದವರಿಗೆ ಕೆಲಸ ಬಿಡುವಾಗ ಗ್ರಾಚ್ಯುಟಿ ಸಿಗುತ್ತಿತ್ತು; ಕೊನೆಯ ಮೂಲ ವೇತನವನ್ನು ಇಪ್ಪತ್ತಾರರಿಂದ ಭಾಗಿಸಿ ಹದಿನೈದರಿಂದ ಗುಣಿಸಿದರೆ ಒಂದು ವರ್ಷದ್ದು. ಇವರಿಗೆ ಐದು ವರ್ಷಕ್ಕೆ 47,596 ರೂಪಾಯಿ. ದೀಪಾವಳಿಗೆ ಬಿಟ್ಟರೆ ಸೊನ್ನೆ. ತಾವೇ ಇತರ ನೌಕರರಿಗೆ ಈ ಲೆಕ್ಕ ಹಾಕಿಕೊಟ್ಟಿದ್ದವರು ಇದನ್ನು ಮರೆತಿದ್ದರು.

ನೇಮಕಾತಿ ಪತ್ರ ಓದಿದ್ದೀರಾ ಎಂದು ಕೇಳಿದೆ. ಸೇರಿದ ದಿನ ಓದಿದ್ದೆ ಎಂದರು. ಮರುದಿನ ತಂದರು. ಸಂಸ್ಥೆಯ ಲಿಖಿತ ಅನುಮತಿ ಇಲ್ಲದೆ ಬೇರೆ ಉದ್ಯೋಗ ಅಥವಾ ವ್ಯಾಪಾರ ಮಾಡುವಂತಿಲ್ಲ ಎಂಬ ಷರತ್ತು ಮೂರನೆಯ ಪುಟದಲ್ಲಿತ್ತು. ಇಂಥ ಸಾಲು ಬಹುತೇಕ ನೇಮಕಾತಿ ಪತ್ರಗಳಲ್ಲಿ ಇರುತ್ತದೆ, ಯಾರೂ ನೋಡುವುದಿಲ್ಲ. ಹೆಂಡತಿಯ ಹೆಸರಿನಲ್ಲಿ ಮಾಡಿದರಾಯಿತು ಎನ್ನುವುದು ನಮ್ಮಲ್ಲಿ ಸಿದ್ಧ ಉತ್ತರ. ಹೆಸರು ಅವರದು, ಕೆಲಸ ಇವರದು ಎಂದಾದರೆ ಅದು ಮರೆಮಾಚುವಿಕೆಯೇ. ಇಲ್ಲಿ ಮಾತ್ರ ಆ ಉತ್ತರ ನಿಜಕ್ಕೂ ಹತ್ತಿರವಿತ್ತು: ನಾಲ್ಕು ಜಾಡಿ ಇಟ್ಟವರು ಯಾರು ಎಂದು ಆಗಲೇ ಹೇಳಿದ್ದೇನೆ. ಸರ್ಕಾರಿ ಶಾಲೆಯ ಶಿಕ್ಷಕರಾದ ಭಾವಮೈದುನ ಪಾಲುದಾರರಾಗಲು ಮುಂದೆ ಬಂದಿದ್ದರು. ರಾಜ್ಯ ಸರ್ಕಾರಿ ನೌಕರರ 2021ರ ನಡತೆ ನಿಯಮಗಳಂತೆ ಅವರು ಪೂರ್ವಾನುಮತಿ ಇಲ್ಲದೆ ವ್ಯಾಪಾರದಲ್ಲಿ ತೊಡಗುವಂತಿಲ್ಲ. ಆ ಮಾತನ್ನು ಅಲ್ಲಿಗೇ ಬಿಟ್ಟೆವು.

ಪತ್ರವನ್ನು ಹರಿದುಹಾಕಿ ಎಂದು ನಾನು ಹೇಳಲಿಲ್ಲ. ಎಷ್ಟು ದಿನದ ಗಳಿಕೆ ರಜೆ ಇದೆ ಎಂದು ಕೇಳಿದೆ. ಹತ್ತೊಂಬತ್ತು. ಹಾಗಿದ್ದರೆ ಕೆಲಸ ಬಿಡುವ ಮೊದಲು, ಬಿಟ್ಟವರಂತೆ ಹನ್ನೆರಡು ದಿನ ಬದುಕಿ ನೋಡಿ ಎಂದೆ.

ಹನ್ನೆರಡು ದಿನ

ದಸರಾ ದೀಪಾವಳಿ ವಾಹನ ಮಾರಾಟದ ಸುಗ್ಗಿ, ಆಗ ರಜೆ ಸಿಗುವುದಿಲ್ಲ. ನವೆಂಬರಿನಲ್ಲಿ ಹಬ್ಬದ ಗದ್ದಲ ಇಳಿದ ಮೇಲೆ ಸಿಕ್ಕಿತು. ಷರತ್ತು ಎರಡೇ: ಏನು ಮಾಡಿದರೂ ಗಂಟೆ ಸಹಿತ ಬರೆದಿಡಬೇಕು; ಆ ಹನ್ನೆರಡು ದಿನ ಮನೆಖರ್ಚಿಗೆ ಸಂಬಳದ ಹಣ ಮುಟ್ಟಬಾರದು, ಮಂಡಕ್ಕಿಯ ವಸೂಲಿಯಲ್ಲೇ ಸಾಗಬೇಕು.

ಆ ನೋಟ್‌ಬುಕ್ಕು ಈಗಲೂ ನನ್ನ ಬಳಿ ಇದೆ. ಮೊದಲ ಎರಡು ದಿನದ ಪುಟಗಳಲ್ಲಿ ಅಕ್ಷರ ಕುಣಿಯುತ್ತವೆ. ನಾಲ್ಕೂವರೆಗೆ ಭಟ್ಟಿ, ಒಂಬತ್ತಕ್ಕೆ ಮುನ್ನೂರು ಪೊಟ್ಟಣ ಸಿದ್ಧ, ಹತ್ತಕ್ಕೆ ಬೈಕು. ಮೂರನೆಯ ದಿನ ಒಂದು ಸಾಲು: “ಅಶೋಕ ರಸ್ತೆಯ ಕಡೆ ಹನ್ನೊಂದು ಅಂಗಡಿ. ಏಳರಲ್ಲಿ ಮೊನ್ನೆಯ ಮಾಲೇ ಇದೆ.” ನಾಲ್ಕನೆಯ ದಿನ: “ಬೇಕರಿಯವರು ಸಂಜೆ ಬನ್ನಿ ಎಂದರು.” ಐದನೆಯ ದಿನವೂ ಅದೇ. ಆರನೆಯ ದಿನ ಮಧ್ಯಾಹ್ನ ಮೂರು ಗಂಟೆಯ ಎದುರಿಗೆ ಬರೆದಿದ್ದು: “ಕೆಲಸವಿಲ್ಲ. ಜಾಡಿಗಳನ್ನು ಒರೆಸಿದೆ.”

ಆ ಸಾಲನ್ನು ಅವರು ನನಗೆ ಓದಿ ತೋರಿಸಿದಾಗ ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು. ಕಚೇರಿಯಲ್ಲಿ ಕುಳಿತಾಗಲೆಲ್ಲ ಅವರಿಗೆ ಅನ್ನಿಸುತ್ತಿದ್ದುದು, ಈ ಹತ್ತರಿಂದ ಆರರ ಹೊತ್ತು ನನ್ನದಾಗಿದ್ದರೆ ದುಪ್ಪಟ್ಟು ಮಾರುತ್ತಿದ್ದೆ ಎಂದು. ಹೊತ್ತು ಅವರದಾಯಿತು. ಹನ್ನೆರಡು ದಿನದ ಸರಾಸರಿ ಮಾರಾಟ 235 ಪೊಟ್ಟಣ. ದಿನಕ್ಕೆ ಎಂಟು ಗಂಟೆ ಹೆಚ್ಚು ಕೊಟ್ಟರೆ ಮೂವತ್ತೈದು ಪೊಟ್ಟಣ ಹೆಚ್ಚಾಗಿತ್ತು. ಈ ವ್ಯಾಪಾರಕ್ಕೆ ಬೇಕಾದ ಹೊತ್ತು ಬೆಳಗ್ಗೆ ಐದರಿಂದ ಒಂಬತ್ತು, ಸಂಜೆ ಆರರಿಂದ ಒಂಬತ್ತು. ನೌಕರಿ ಕಸಿದುಕೊಂಡಿದ್ದು ಆ ಎರಡರ ನಡುವಿನ ಹೊತ್ತನ್ನು. ಅದು ಮಂಡಕ್ಕಿಗೆ ಬೇಕಾಗಿಯೇ ಇರಲಿಲ್ಲ.

ಹಾಗಾದರೆ ಮಾರಾಟ ತಡೆದದ್ದು ಯಾವುದು? ಎಂಟನೆಯ ದಿನದ ಪುಟದಲ್ಲಿ ಅದರ ಸುಳಿವಿತ್ತು. ಬೇಕರಿಯೊಂದರಲ್ಲಿ ಹಣಕ್ಕಾಗಿ ನಲವತ್ತು ನಿಮಿಷ ಕಾದು ನಿಂತಿದ್ದಾಗ ಬ್ರೆಡ್, ರಸ್ಕು ಹಾಕುವ ಲೈನ್ ಗಾಡಿ ಬಂತು. ಚಾಲಕ ಇಳಿದು ಹಳೆಯ ಬಾಕಿ ಕೇಳಿದ, ಬೇಕರಿಯವರು ತಕ್ಷಣ ಎಣಿಸಿ ಕೊಟ್ಟರು, ಹೊಸ ಮಾಲು ಇಳಿಸಿ ಹೋದ. ಮೂರು ನಿಮಿಷ. ಬ್ರೆಡ್ ನಿಂತರೆ ಬೇಕರಿ ನಡೆಯುವುದಿಲ್ಲ, ಆದ್ದರಿಂದ ಅವನಿಗೆ ನಗದು. ಮಂಡಕ್ಕಿ ನಿಂತರೆ ಯಾರಿಗೂ ಏನೂ ಆಗುವುದಿಲ್ಲ, ಆದ್ದರಿಂದ ಇವರಿಗೆ ನಾಳೆ ಬನ್ನಿ. ಲೆಕ್ಕಿಗರು ಹೊರಗೆ ಓಡಿ ಆ ಗಾಡಿಯವನನ್ನು ನಿಲ್ಲಿಸಿ ಮಾತಾಡಿದರು. ಪೊಟ್ಟಣಕ್ಕೆ 1.25 ಕೊಟ್ಟರೆ ಹಾಕಿ, ವಸೂಲು ಮಾಡಿ, ಶನಿವಾರ ಹಣ ಒಪ್ಪಿಸುವುದಾಗಿ ಆತ ಒಪ್ಪಿದ. ದಿನಕ್ಕೆ ಎಪ್ಪತ್ತು ಅಂಗಡಿ ಮುಟ್ಟುವ ಗಾಡಿ ಅದು. ಹರಿಹರದ ಕಡೆಗೂ ಹೋಗುತ್ತಿತ್ತು.

ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣ ತಿರುಗಿದ್ದು ಆ ಬೇಕರಿಯ ಬಾಗಿಲಲ್ಲಿ. ಪೆಟ್ರೋಲಿನ 90 ಪೈಸೆ ಉಳಿದು 1.25 ಹೋದರೆ ಮೂವತ್ತೈದು ಪೈಸೆ ನಷ್ಟ ಎಂದು ಲೆಕ್ಕಿಗರು ಮೊದಲು ಗೊಣಗಿದರು. ಸಂಜೆಯ ಎರಡು ಗಂಟೆ ಮನೆಗೆ ವಾಪಸ್ ಬಂದದ್ದನ್ನು, ಬಾಕಿ ಎರಡು ತಿಂಗಳಲ್ಲಿ 46,000ದಿಂದ 17,000ಕ್ಕೆ ಇಳಿದದ್ದನ್ನು ನೋಡಿದ ಮೇಲೆ ಗೊಣಗಾಟ ನಿಂತಿತು. ಹಾಸ್ಟೆಲುಗಳ ನೇರ ಮಾರಾಟವನ್ನು ಪೂರ್ತಿ ಕೈಬಿಟ್ಟರು. ಆರಂಭ ಕೊಟ್ಟ ಗಿರಾಕಿಗಳು, ನಿಜ. ಆದರೆ ರಜೆ ಬಂದರೆ ಹಾಸ್ಟೆಲೇ ಖಾಲಿ, ಪರೀಕ್ಷೆ ಬಂದರೆ ಫೋನು ಎತ್ತುವವರಿಲ್ಲ.

ರಜೆಯ ಕೊನೆಯ ದಿನದ ಪುಟದಲ್ಲಿ ಪತ್ನಿಯ ಅಕ್ಷರದಲ್ಲಿ ಒಂದು ಸಾಲಿದೆ: “ನಾಳೆಯಿಂದ ಮನೆ ನಿಶ್ಶಬ್ದ.” ವ್ಯಂಗ್ಯವೋ ಸಮಾಧಾನವೋ, ಲೆಕ್ಕಿಗರು ಇದುವರೆಗೂ ಕೇಳಿಲ್ಲ.

ಸಾಲ, ಪರವಾನಗಿ

ಇದನ್ನು ಬೇಗ ಮುಗಿಸುತ್ತೇನೆ, ಮುಗಿಯಲು ಮಾತ್ರ ಮೂರು ತಿಂಗಳು ಹಿಡಿಯಿತು. ಉದ್ಯಮ ನೋಂದಣಿ ಪತ್ನಿಯ ಹೆಸರಿನಲ್ಲಿ ಆಯಿತು. 2020ರಿಂದ ಇರುವ ಈ ನೋಂದಣಿಗೆ ಶುಲ್ಕವೇ ಇಲ್ಲ, ಹಣ ಕೇಳುವವರು ಮಧ್ಯವರ್ತಿಗಳು. ಆಹಾರ ಸುರಕ್ಷತಾ ನೋಂದಣಿಗೆ, ವಾರ್ಷಿಕ ವಹಿವಾಟು 12 ಲಕ್ಷದೊಳಗಿದ್ದರೆ, ಆಗಿನ ನಿಯಮದಂತೆ ವರ್ಷಕ್ಕೆ ನೂರು ರೂಪಾಯಿ. ಪೊಟ್ಟಣದ ಮೇಲೆ ತೂಕ, ಬೆಲೆ, ತಯಾರಿಸಿದ ದಿನಾಂಕ, ವಿಳಾಸ ಇತ್ಯಾದಿ 2011ರ ಪೊಟ್ಟಣ ನಿಯಮದಂತೆ ಇರಬೇಕು. ಮೊದಲ ಕಂತಿನ ಪೊಟ್ಟಣಗಳಲ್ಲಿ ಅವರು ಮುದ್ರಿಸಿದ್ದುದು ಒಂದು ಗುಲಾಬಿ ಹೂವು ಮಾತ್ರ.

ಸಾಲಕ್ಕೆ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಪ್ರಧಾನಮಂತ್ರಿ ಯೋಜನೆಯಲ್ಲಿ ಅರ್ಜಿ ಹಾಕಿದೆವು. ಆಗ ಅದರ ನೆರವು ಯೋಜನಾ ವೆಚ್ಚದ ಶೇ 35, ಕರ್ನಾಟಕ ಅದಕ್ಕೆ ಶೇ 15 ಸೇರಿಸುತ್ತಿತ್ತು. ಅರ್ಧ ಹಣ ಸರ್ಕಾರವೇ ಕೊಡುತ್ತದೆ ಎಂದು ಕೇಳಿದ ಕೂಡಲೇ ಜನರ ಕಣ್ಣು ಅರಳುತ್ತದೆ, ಆರು ಲಕ್ಷದ ಬದಲು ಹತ್ತಕ್ಕೇ ಹಾಕೋಣ ಎನ್ನುತ್ತಾರೆ. ಆ ಹಣ ಕೈಗೆ ಬರುವುದಿಲ್ಲ. ಸಾಲದ ಖಾತೆಯ ಜೊತೆಗೆ ಮೂರು ವರ್ಷ ಕಟ್ಟಿಕೊಂಡು ಕೂರುತ್ತದೆ. ಅಷ್ಟು ಕಾಲ ಕಂತು ತಪ್ಪದಿದ್ದರೆ, ಘಟಕ ನಡೆಯುತ್ತಿದ್ದರೆ ಮಾತ್ರ ಸಾಲಕ್ಕೆ ಜಮೆ. ಇದು ತಿಳಿದ ಮೇಲೆ ಯೋಜನೆಯನ್ನು ಆರು ಲಕ್ಷದಿಂದ ಮೂರಕ್ಕೆ ಇಳಿಸಿದೆವು. ಮೂವತ್ತು ಸಾವಿರ ಸ್ವಂತದ್ದು, ಉಳಿದದ್ದು ಸಾಲ, ತಿಂಗಳ ಕಂತು ಸುಮಾರು 5,900.

ಬ್ಯಾಂಕಿನಲ್ಲಿ ವ್ಯವಸ್ಥಾಪಕರು ಕೇಳಿದ್ದು ಒಂದೇ ಪ್ರಶ್ನೆ: ಘಟಕ ನಡೆಸುವವರು ಯಾರು? ಲೆಕ್ಕಿಗರು ಬಾಯಿ ತೆರೆಯುವಷ್ಟರಲ್ಲಿ ಪತ್ನಿ ಕರಿಬೇವಿನ ತೇವದಿಂದ ಹಿಡಿದು ವಿವರಿಸತೊಡಗಿದರು. ಮನೆಗೆ ಸಂಬಳ ಬರುತ್ತಿದೆ ಎಂಬುದೂ ಕಡತದಲ್ಲಿತ್ತು. ರಾಜೀನಾಮೆ ಕೊಟ್ಟು ಹೋಗಿದ್ದರೆ ಆ ಸಾಲು ಕಡತದಲ್ಲಿ ಇರುತ್ತಿರಲಿಲ್ಲ.

ಜಾತ್ರೆಯ ವಾರ

ಎಲ್ಲವೂ ಸರಾಗ ಎನ್ನುವಾಗ ತಪ್ಪಾಯಿತು. ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆ ಆ ಮಾರ್ಚಿನಲ್ಲಿತ್ತು. ಮನೆಮನೆಗೂ ನೆಂಟರು, ಅಂಗಡಿಗಳಿಂದ ಒಂದೇ ಸಮನೆ ಬೇಡಿಕೆ. ಸಾವಿರದ ಐನೂರು ಪೊಟ್ಟಣಗಳ ಒಂದು ಆರ್ಡರಿಗೆ ಕವರು ಕಡಿಮೆ ಬಿದ್ದು, ಲೆಕ್ಕಿಗರು ಕಚೇರಿಯ ಹೊತ್ತಿನಲ್ಲೇ ಫೋನು ಹಿಡಿದು ಕುಳಿತರು. ಅಂದು ತಿಂಗಳ ಇಪ್ಪತ್ತನೇ ತಾರೀಕು. ಸಂಸ್ಥೆಯ ಮಾಸಿಕ ಜಿಎಸ್‌ಟಿ ವಿವರಪಟ್ಟಿ (ರಿಟರ್ನ್) ಸಲ್ಲಿಸುವ ಕಡೆಯ ದಿನ. ಸಲ್ಲಿಕೆಯಾದದ್ದು ಇಪ್ಪತ್ತೊಂದಕ್ಕೆ.

ಒಂದು ದಿನದ ವಿಳಂಬ ಶುಲ್ಕ ಐವತ್ತು ರೂಪಾಯಿ, ಜೊತೆಗೆ ತೆರಿಗೆಯ ಮೇಲೆ ವಾರ್ಷಿಕ ಶೇ 18ರ ದರದಲ್ಲಿ ಒಂದು ದಿನದ ಬಡ್ಡಿ. ದೊಡ್ಡ ಮೊತ್ತವೇನಲ್ಲ. ಮಾಲೀಕರು ಒಳಗೆ ಕರೆದಾಗ ಮೇಜಿನ ಮೇಲೆ ಗುಲಾಬಿ ಹೂವಿನ ಪೊಟ್ಟಣವಿತ್ತು. ಯಾರು ತಂದುಕೊಟ್ಟರೋ ಗೊತ್ತಿಲ್ಲ, ಅರ್ಧ ತಿಂದಿದ್ದರು.

“ಐವತ್ತು ರೂಪಾಯಿ ನನಗೆ ಲೆಕ್ಕವಲ್ಲ. ನಿನ್ನೆ ನೀವು ಎಲ್ಲಿದ್ದಿರಿ ಎಂಬುದು ಲೆಕ್ಕ,” ಎಂದರಂತೆ.

ಅಕ್ಟೋಬರಿನಲ್ಲೇ ನೇಮಕಾತಿ ಪತ್ರದ ಷರತ್ತು ಓದಿದ ಮೇಲೆ ಮಾಲೀಕರಿಗೆ ಹೇಳಿಬಿಡಿ ಎಂದು ನಾನು ಒತ್ತಾಯಿಸಬೇಕಿತ್ತು. ಪತ್ನಿಯ ಹೆಸರಿನಲ್ಲಿದೆ, ಪತ್ನಿಯೇ ನಡೆಸುತ್ತಾರೆ, ಸದ್ಯಕ್ಕೆ ಸಾಕು ಎಂದುಕೊಂಡೆ. ನನ್ನ ಸಲಹೆಯಲ್ಲಿ ಇದೊಂದು ಕೊರತೆ ಎಂದು ಒಪ್ಪಿಕೊಳ್ಳುತ್ತೇನೆ. ತಾವಾಗಿಯೇ ಹೇಳಿದ್ದರೆ ಅದು ಮಾಹಿತಿಯಾಗುತ್ತಿತ್ತು, ಈಗ ಸಿಕ್ಕಿಬಿದ್ದಂತಾಯಿತು. ಅವರು ಕೆಲಸ ಕಳೆದುಕೊಳ್ಳದೆ ಉಳಿದದ್ದು ನಾಲ್ಕು ವರ್ಷ ಒಂದೂ ರಿಟರ್ನ್ ತಡವಾಗದ್ದರಿಂದ. ಅಂದೇ ಎಲ್ಲವನ್ನೂ ಬರೆದುಕೊಟ್ಟರು, ಲಿಖಿತ ಅನುಮತಿ ಕೇಳಿದರು. ಕಚೇರಿಯ ಹೊತ್ತಿನಲ್ಲಿ ಮೊಬೈಲನ್ನು ಸ್ವಾಗತ ಮೇಜಿನಲ್ಲಿ ಒಪ್ಪಿಸುವುದಾಗಿ ತಾವೇ ಷರತ್ತು ಹಾಕಿಕೊಂಡರು. ಅದರಿಂದ ಅಡುಗೆಮನೆಗೊಂದು ಲಾಭವಾಯಿತು. ಹತ್ತರಿಂದ ಆರರವರೆಗೆ ಗಂಡನಿಗೆ ಫೋನು ಮಾಡಲಾಗದ ಮೇಲೆ ಪತ್ನಿ ಕವರು ತರಿಸುವುದು, ಭಟ್ಟಿಯವನೊಡನೆ ದರ ಮಾತಾಡುವುದು, ಗಾಡಿಯವನ ಲೆಕ್ಕ ಹಿಡಿಯುವುದು ಎಲ್ಲವನ್ನೂ ತಾವೇ ತೀರ್ಮಾನಿಸತೊಡಗಿದರು. ನಾಲ್ಕೈದು ತಪ್ಪು ಮಾಡಿದರು. ಅವುಗಳಲ್ಲಿ ಒಂದು 2,300 ರೂಪಾಯಿಯದು. ಆದರೆ ಲೆಕ್ಕಿಗರು ಇಲ್ಲದೆ ಘಟಕ ನಡೆಯುತ್ತದೆ ಎಂಬುದು ಮೊದಲ ಸಲ ಗೊತ್ತಾದದ್ದು ಆಗ.

ಈಗ

ಏಪ್ರಿಲಿನಲ್ಲಿ ಐದು ವರ್ಷ ತುಂಬಿತು. ಲೆಕ್ಕಿಗರು ಪತ್ರ ಕೊಟ್ಟರು, ದಿನಾಂಕ ಸಹಿತ. ಮಾಲೀಕರು ಹೊಸಬರಿಗೆ ಕೆಲಸ ಹೇಳಿಕೊಡಿ ಎಂದು ಎರಡು ತಿಂಗಳು ಉಳಿಸಿಕೊಂಡರು, ನಂತರ ವಾರಕ್ಕೆ ಮೂರು ದಿನ ಬಂದು ಲೆಕ್ಕ ನೋಡಿ ಎಂದರು. ತಿಂಗಳಿಗೆ 15,000. ಕಚೇರಿಯ ಗುಂಪು ವಿಮೆ ತಪ್ಪಿಹೋದದ್ದರಿಂದ ತಾಯಿಗೆ ಬೇರೆ ಪಾಲಿಸಿ ಮಾಡಿಸಬೇಕಾಯಿತು. ವಯಸ್ಸಿನ ದೆಸೆಯಿಂದ ಕಂತು ದುಬಾರಿ, ಮೊದಲೇ ಇರುವ ಕಾಯಿಲೆಗೆ ಕಾಯುವ ಅವಧಿ ಬೇರೆ. ಇದನ್ನು ಮೊದಲೇ ಲೆಕ್ಕ ಹಾಕಿರಲಿಲ್ಲ. ಬಿಡುವ ಯೋಚನೆ ಇರುವವರು ವಿಮೆಯನ್ನು ನೌಕರಿಯಲ್ಲಿರುವಾಗಲೇ ಮಾಡಿಸಿಕೊಳ್ಳುವುದು ಒಳ್ಳೆಯದು.

ಮಾರಾಟ ದಿನಕ್ಕೆ 420 ಪೊಟ್ಟಣಕ್ಕೆ ಬಂತು. ಹಾಗೆ ಬಂದದ್ದೇ ಇನ್ನೊಂದು ತೊಡಕು: ವಹಿವಾಟು ವರ್ಷಕ್ಕೆ ಹತ್ತೊಂಬತ್ತೂವರೆ ಲಕ್ಷ ದಾಟುವ ಲೆಕ್ಕ, ಅಂದರೆ ಆಗಿನ ನಿಯಮದಂತೆ ನೂರು ರೂಪಾಯಿಯ ನೋಂದಣಿ ಸಾಲದು, ಆಹಾರ ಸುರಕ್ಷತೆಯ ರಾಜ್ಯ ಪರವಾನಗಿ ಬೇಕಿತ್ತು. ಪರವಾನಗಿಯ ಸಂಖ್ಯೆ ಬೇರೆ, ಹಳೆಯ ಸಂಖ್ಯೆ ಮುದ್ರಿಸಿದ್ದ ಮೂರು ಸಾವಿರ ಕವರು ರದ್ದಿಗೆ ಹೋದವು. ವ್ಯಾಪಾರ ಏರುತ್ತಿರುವಾಗ ಕವರನ್ನು ಒಟ್ಟಿಗೆ ಮುದ್ರಿಸಿ ಪೈಸೆ ಉಳಿಸುವ ಆಸೆಗೆ ಬಿದ್ದರೆ ಹೀಗೆ. ಆಂಧ್ರದ ರಾಯದುರ್ಗದ ನೆಂಟರೊಬ್ಬರು ಅಲ್ಲಿ ಹಾಕುತ್ತೇನೆ ಎಂದು ಮುಂದೆ ಬಂದಿದ್ದರು. ಸರಕಿಗೆ 40 ಲಕ್ಷದವರೆಗೆ ಜಿಎಸ್‌ಟಿ ನೋಂದಣಿ ಬೇಡ ಎಂಬ ವಿನಾಯಿತಿ ರಾಜ್ಯದ ಗಡಿ ದಾಟಿದರೆ ಅನ್ವಯಿಸುವುದಿಲ್ಲ. ಇವರು ಸದ್ಯಕ್ಕೆ ಬೇಡ ಎಂದರು.

ಬೆಳಗ್ಗೆ ಇಬ್ಬರು ಹೆಂಗಸರು ಕೆಲಸಕ್ಕೆ ಬರುತ್ತಾರೆ, ಆರು ಗಂಟೆಯ ದುಡಿಮೆಗೆ ತಲಾ 350. ಅಡುಗೆಮನೆ ಬಿಟ್ಟು 4,500 ರೂಪಾಯಿ ಬಾಡಿಗೆಯ ಶೆಡ್ಡಿಗೆ ಹೋಗಿದ್ದಾರೆ. ಕೂಲಿ, ಬಾಡಿಗೆ, ಸಾಲದ ಕಂತು, ಗಾಡಿಯವನ 1.25 ಎಲ್ಲ ಸೇರಿಸಿದರೆ ಪೊಟ್ಟಣದ ವೆಚ್ಚ 13.17. ಉಳಿಕೆ 1.83. ಮೊದಲ ದಿನ ಅವರು ನನಗೆ ತೋರಿಸಿದ ಉಳಿಕೆ 7.40 ಎಂಬುದನ್ನು ನೆನಪಿಸಿದರೆ ಈಗ ನಗುತ್ತಾರೆ. ಆರು ಲಕ್ಷದ ಸಾಲ ಮಾಡಿ, ದೀಪಾವಳಿಗೆ ಕೆಲಸ ಬಿಟ್ಟಿದ್ದರೆ ಈ 1.83 ಎಂಬ ಸಂಖ್ಯೆ ಅವರಿಗೆ ಯಾವ ದಿನ, ಯಾರ ಬಾಯಿಂದ ತಿಳಿಯುತ್ತಿತ್ತೋ.

ಕಳೆದ ತಿಂಗಳು ವಾರ್ಷಿಕ ಲೆಕ್ಕಕ್ಕೆ ಇಬ್ಬರೂ ಬಂದಿದ್ದರು. ತಿಂಗಳ ಉಳಿಕೆ 19,984. ಇನ್ನು ಹದಿನಾರು ರೂಪಾಯಿ ಇದ್ದಿದ್ದರೆ ಇಪ್ಪತ್ತು ಸಾವಿರ ಎಂದು ಲೆಕ್ಕಿಗರು ಚಟಾಕಿ ಹಾರಿಸಿದರು. ಪತ್ನಿ ನೋಟ್‌ಬುಕ್ಕನ್ನು ತಮ್ಮ ಕಡೆ ತಿರುಗಿಸಿಕೊಂಡು ಮೇಲಿನಿಂದ ಕೆಳಗೆ ಬೆರಳಿಟ್ಟು ಓದಿದರು. ಮಂಡಕ್ಕಿ, ಎಣ್ಣೆ, ಕವರು, ಗ್ಯಾಸು, ಗಾಡಿ, ಕೂಲಿ, ಬಾಡಿಗೆ, ಕಂತು.

“ಕೂಲಿ ಇಬ್ಬರದೇ ಇದೆಯಲ್ಲ,” ಎಂದರು. “ಮೂರನೆಯವಳು ಯಾವ ಸಾಲಿನಲ್ಲಿದ್ದಾಳೆ?”

ಲೆಕ್ಕಿಗರು ನನ್ನ ಮುಖ ನೋಡಿದರು. ನಾನು ಅಕ್ಟೋಬರಿನಲ್ಲಿ ಹಾಕಿಸಿದ್ದ ಒಂದೂವರೆ ರೂಪಾಯಿಯ ಸಾಲು ಶೆಡ್ಡಿಗೆ ಹೋಗುವಾಗ ಎಲ್ಲೋ ಉದುರಿಹೋಗಿತ್ತು, ನಾನೂ ಗಮನಿಸಿರಲಿಲ್ಲ. ಅವರು ಪೆನ್ನು ತೆಗೆದು ಕಂತಿನ ಕೆಳಗೆ ಹೊಸ ಗೆರೆ ಎಳೆದರು. ಮೊತ್ತದ ಜಾಗ ಖಾಲಿ ಬಿಟ್ಟು ಪೆನ್ನನ್ನು ಪತ್ನಿಯ ಕೈಗೆ ಕೊಟ್ಟರು. ಪತ್ನಿ 9,000 ಎಂದು ಬರೆದರು, ಸ್ವಲ್ಪ ಯೋಚಿಸಿ ಅದರ ಪಕ್ಕದಲ್ಲಿ ‘ಸದ್ಯಕ್ಕೆ’ ಎಂದು ಸೇರಿಸಿದರು.